ಸೂರ್ಯ ದಕ್ಷಿಣಕ್ಕೆ ಸರಿದಾಗ ಕುಂಡಗಳೂ ಸರಿಯಬೇಕು

21 ಡಿಸೆಂಬರ್ 2025, ಭಾನುವಾರ
ಹೊಸೂರು

ಇವತ್ತು ವರ್ಷದಲ್ಲೇ ಚಿಕ್ಕ ಹಗಲು. ಧನುರ್ಮಾಸದ ಚಳಿ ಜೋರಾಗಿಯೇ ಇದೆ. ಅತ್ತೆ ಚಂದ್ರಚೂಡೇಶ್ವರನ ಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲಿ, ಉತ್ತರದ ಕಿಟಕಿಯಲ್ಲಿದ್ದ ಕುಂಡಗಳನ್ನೆಲ್ಲ ದಕ್ಷಿಣದ ಕಿಟಕಿಗೆ ಸಾಗಿಸಿ ಮುಗಿಸಿದೆ.

ಚಳಿಗಾಲದಲ್ಲಿ ಒಳಗಿಡುವ ಗಿಡಗಳ ಬಗ್ಗೆ ಯೂಟ್ಯೂಬ್‌ನಲ್ಲಿ ಸಿಗುವುದು ಹೆಚ್ಚಾಗಿ ಹಿಮ ಬೀಳುವ ದೇಶದವರ ಮಾತು. ಅವರಿಗೆ ಹೀಟರ್ ಚಿಂತೆ, ಕತ್ತಲೆಯ ಚಿಂತೆ. ಲಂಡನ್‌ನಲ್ಲಿ ಇವತ್ತು ಹಗಲು 8 ಗಂಟೆಯೂ ಇಲ್ಲ. ನಮ್ಮಲ್ಲಿ 11 ಗಂಟೆ 20 ನಿಮಿಷದಷ್ಟಿದೆ. ಜೂನ್‌ಗಿಂತ ಒಂದೂವರೆ ಗಂಟೆ ಕಡಿಮೆ, ಅಷ್ಟೇ. ನಮ್ಮ ಮನೆಗಳಲ್ಲಿ ನಿಜವಾಗಿ ಬದಲಾಗುವುದು ಬಿಸಿಲು ಬರುವ ದಿಕ್ಕು.

ಹೊಸೂರು ಇರುವುದು ಸುಮಾರು 12.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ಉತ್ತರದ ಕಿಟಕಿಗೆ ಒಳ್ಳೆಯ ಬೆಳಕು. ಈಗ ನೆತ್ತಿಯಿಂದ 36 ಡಿಗ್ರಿ ದಕ್ಷಿಣಕ್ಕೆ ವಾಲಿದ್ದಾನೆ. ಉತ್ತರದ ಕಿಟಕಿಗೆ ನೇರ ಬಿಸಿಲೇ ಇಲ್ಲ. ದಕ್ಷಿಣದಲ್ಲಾದರೆ ಸಜ್ಜಾದ ಕೆಳಗಿನಿಂದ ಓರೆಯಾಗಿ ನುಗ್ಗಿ ಹಾಲ್‌ನ ನೆಲದವರೆಗೂ ಬರುತ್ತದೆ. ಸ್ನೇಕ್ ಪ್ಲಾಂಟ್ ಆ ಬಿಸಿಲನ್ನು ತಡೆದುಕೊಳ್ಳುತ್ತದೆ. ಪೀಸ್ ಲಿಲಿಯನ್ನು ಮಾತ್ರ ತೆಳು ಪರದೆಯ ಹಿಂದೆ ಇಟ್ಟೆ, ಇಲ್ಲದಿದ್ದರೆ ಎಲೆ ಸುಡುತ್ತದೆ.

ಇನ್ನು ನೀರು. ಗಿಡಗಳು ಚಳಿಗಿಂತ ನೀರಿನಿಂದಲೇ ಜಾಸ್ತಿ ಸಾಯುತ್ತವೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬೇಸಿಗೆಯಲ್ಲಿ ಫ್ಯಾನ್ ಇಡೀ ದಿನ ತಿರುಗುತ್ತದೆ, ಮಣ್ಣು ಬೇಗ ಒಣಗುತ್ತದೆ. ಡಿಸೆಂಬರ್‌ನಲ್ಲಿ ಫ್ಯಾನ್ ಬಂದ್, ಕಿಟಕಿ ಬಂದ್, ಗಿಡದ ಬೆಳವಣಿಗೆಯೂ ನಿಧಾನ. ನಾವು ಮಾತ್ರ ಅದೇ ಚೊಂಬು, ಅದೇ ಲೆಕ್ಕ.

ಮಧ್ಯಾಹ್ನ ಪಕ್ಕದ ಮನೆ ಅಕ್ಕ ತಮ್ಮ ಪೀಸ್ ಲಿಲಿ ಹಿಡಿದುಕೊಂಡು ಬಂದರು. ಅವರ ತೆಲುಗು, ನನ್ನ ಕನ್ನಡ ಎರಡೂ ಬೆರೆತೇ ನಮ್ಮ ಮಾತು ಸಾಗುವುದು. "ದಿನಾ ನೀರು ಹಾಕ್ತೀನಮ್ಮಾ, ಆದ್ರೂ ಜೋಲು ಬಿದ್ದಿದೆ" ಎಂದರು. ಮಣ್ಣು ಹಸಿಯಾಗಿತ್ತು. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಬೇರು ಕೊಳೆತರೆ ನೀರು ಎಳೆಯಲಾಗದೆ ಎಲೆ ಬಾಡುತ್ತದೆ. ನೋಡುವವರಿಗೆ ಬಾಯಾರಿದ ಹಾಗೆಯೇ ಕಾಣುತ್ತದೆ, ಇನ್ನೊಂದು ಚೊಂಬು ಸುರಿಯುತ್ತಾರೆ. ಗಿಡ ಕಿತ್ತು, ಕಪ್ಪಗೆ ಮೆತ್ತಗಾದ ಬೇರುಗಳನ್ನು ಕತ್ತರಿಸಿದೆವು. ಬೆಳ್ಳಗೆ ಗಟ್ಟಿಯಿದ್ದವು ಒಂದಿಷ್ಟು ಉಳಿದವು. ಒಣ ಮಣ್ಣು, ಮರಳು ಬೆರೆಸಿ ಚಿಕ್ಕ ಕುಂಡಕ್ಕೆ ಹಾಕಿಕೊಟ್ಟೆ. ಬದುಕುತ್ತದೆ ಅಂತ ಆಸೆಯಿದೆ.

ಮಣ್ಣಿನಲ್ಲಿ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ ಇದ್ದರೆ ಮೇಲ್ಗಡೆ ಒಣಗಿರುತ್ತದೆ, ಒಳಗೆ ಹಸಿ ಇರುತ್ತದೆ. ಅದಕ್ಕೇ ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಆಳಕ್ಕೆ ಚುಚ್ಚಿ ನೋಡುತ್ತೇನೆ. ಮಣ್ಣು ಅಂಟಿಕೊಂಡು ಬಂದರೆ ನೀರು ಬೇಡ. ಮನಿ ಪ್ಲಾಂಟ್‌ಗೆ ವಾರ ಹತ್ತು ದಿನಕ್ಕೊಮ್ಮೆ ಸಾಕು. ಸ್ನೇಕ್ ಪ್ಲಾಂಟ್‌ಗೆ ಮೂರು ವಾರ ಬಿಟ್ಟರೂ ಏನೂ ಆಗುವುದಿಲ್ಲ. ಜೆಡ್‌ಜೆಡ್ ಗಿಡ ತನ್ನ ಗೆಡ್ಡೆಯಲ್ಲೇ ನೀರು ಕೂಡಿಟ್ಟುಕೊಂಡಿರುತ್ತದೆ. ಬೆಳಗ್ಗೆ ಟ್ಯಾಂಕಿನಿಂದ ಬರುವ ನೀರು ಕೊರೆಯುತ್ತದೆ, ಅಲ್ವಾ? ರಾತ್ರಿಯೇ ಬಕೆಟ್‌ನಲ್ಲಿ ಹಿಡಿದು ಒಳಗಿಟ್ಟರೆ ಒಳ್ಳೆಯದು. ಆಫ್ರಿಕನ್ ವಯೊಲೆಟ್ ಎಲೆಗೆ ತಣ್ಣೀರು ಬಿದ್ದರೆ ಕಲೆಯೇ ಉಳಿಯುತ್ತದೆ.

ನಮ್ಮ ಹೊಸೂರಿನ ಹತ್ತಿರದ ತಳಿ, ಬಾಗಲೂರು ಊರುಗಳ ಕಡೆ ಫೆಬ್ರವರಿ 14ರ ಪ್ರೇಮಿಗಳ ದಿನದ ಗುಲಾಬಿಗೆ ತಯಾರಿ ನಡೆಯುವ ಕಾಲ ಇದು. ಹೂ ಬೆಳೆಯುವ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್‌ನ ಪಕ್ಕದ ಪರದೆಗಳನ್ನು ಸಂಜೆಯೇ ಮುಚ್ಚಿದರೆ ಹಗಲಿನ ಬಿಸಿ ಒಳಗೆ ಉಳಿಯುತ್ತದೆ. ನಾನೂ ಐದು ಗಂಟೆಗೆ ಕಿಟಕಿ ಹಾಕುತ್ತೇನೆ. ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಅಗ್ಲೋನಿಮಾ ಗಿಡಕ್ಕೆ ಆಗುವುದಿಲ್ಲ. ಎಲೆ ಗಾಜಿಗೆ ತಾಗದಂತೆ ಒಂದು ಗೇಣು ಈಚೆ ಎಳೆದಿಡುತ್ತೇನೆ.

ಅತ್ತೆ ಬಂದವರೇ ಕ್ಯಾಲೇಡಿಯಂ ನೋಡಿ "ಇದು ಸತ್ತೋಯ್ತಲ್ಲಮ್ಮಾ, ಬಿಸಾಕ್ಲಾ?" ಎಂದರು. ಎಲೆಯೆಲ್ಲ ಒಣಗಿದೆ ನಿಜ. ಮಣ್ಣು ಕೆದಕಿ ಗೆಡ್ಡೆ ತೋರಿಸಿದೆ, ಗಟ್ಟಿಯಾಗಿತ್ತು. ಅದು ಮಲಗುವ ಕಾಲ ಇದು. ನೀರು ನಿಲ್ಲಿಸಿ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ಬಿಸಿಲು ಏರಿದಾಗ ಹೊಸ ಎಲೆ ಬರುತ್ತದೆ.

ಗಾಳಿ ಒಣಗುತ್ತಾ ಬಂದ ಹಾಗೆ ಎಲೆಯಡಿ ನುಸಿ ಸೇರುತ್ತದೆ, ಒದ್ದೆ ಬಟ್ಟೆಯಿಂದ ಎರಡೂ ಕಡೆ ಒರೆಸಬೇಕು. ಕಡಲೆಕಾಯಿ ಹಿಂಡಿ ನೀರು, ಕುಂಡ ಬದಲಿಸುವುದು, ಎಲ್ಲ ಶಿವರಾತ್ರಿ ಕಳೆದ ಮೇಲೆ. ಆಗ ಚಳಿ ಶಿವ ಶಿವ ಎಂದು ಓಡುತ್ತದೆ ಅಂತಾರಲ್ಲ. ಬರುವ ವರ್ಷ ಅದು ಫೆಬ್ರವರಿ 15ಕ್ಕೆ. ಅಷ್ಟರೊಳಗೆ ಮರಳು, ಬೇವಿನ ಹಿಂಡಿ ತಂದಿಟ್ಟುಕೊಳ್ಳಬೇಕು.