ಮಕ್ಕಳಿದ್ದಾರಾ ಮೇಡಂ?

ಗುರುವಾರ ಸಂಜೆಯಿಂದ ಒಂದು ಪ್ರಶ್ನೆ ತಲೆಯೊಳಗೆ ಕೂತುಬಿಟ್ಟಿದೆ. ಸಾರಿಗೆ ಒಗ್ಗರಣೆ ಹಾಕುವಾಗ, ಆಫೀಸಿನ ಮೀಟಿಂಗಲ್ಲಿ, ಎಲ್ಲಿ ಬೇಕಾದರೂ ಎದ್ದು ಬರುತ್ತೆ. "ಮನೇಲಿ ಮಕ್ಕಳಿದ್ದಾರಾ ಮೇಡಂ?" ಕೇಳಿದ್ದು ಡಾಕ್ಟರಲ್ಲ, ಇನ್ಶೂರೆನ್ಸಿನವರೂ ಅಲ್ಲ. ಟೈರ್ ಮಾರುವ ಹುಡುಗ.

ಆಗಿದ್ದು ಪಂಕ್ಚರ್, ಅಷ್ಟೇ. ಹುಣಸೂರು ಕಡೆಯಿಂದ ಮೈಸೂರಿಗೆ ಬರ್ತಾ ಇಲವಾಲದ ಹತ್ತಿರ ಸ್ಟೀರಿಂಗ್ ಎಡಕ್ಕೆ ಎಳೆಯೋಕೆ ಶುರು ಮಾಡಿತು. ಪಕ್ಕಕ್ಕೆ ಹಾಕಿ ಇಳಿದು ನೋಡಿದರೆ ಮುಂದಿನ ಎಡಗಡೆ ಟೈರ್ ಅರ್ಧ ಕೂತಿದೆ, ಮೊಳೆಯ ತಲೆ ಮಿಣಮಿಣ ಅಂತಿದೆ. ಹಾಲಿನ ವ್ಯಾನಿನವರೊಬ್ಬರು ತಾವಾಗೇ ನಿಲ್ಲಿಸಿ ಸ್ಟೆಪ್ನಿ ಹಾಕಿಕೊಟ್ಟರು, ದುಡ್ಡು ಕೊಡೋಕೆ ಹೋದರೆ ಬೈದರು. ಅವರ ಬಗ್ಗೆಯೇ ಒಂದು ಬರಹ ಬರೆಯಬಹುದು. ಆದರೆ ನನ್ನ ತಲೆ ತಿಂತಿರೋದು ಅವರಲ್ಲ, ಆ ಹುಡುಗ.

ರಿಂಗ್ ರೋಡಿನ ಪಕ್ಕ ಗಾಜಿನ ಅಂಗಡಿ. ಎಸಿ, ಸೋಫಾ, ಕಾಫಿ ಮಷೀನು. ಡಿಕ್ಕಿ ತೆಗೆಸಿ ಟೈರ್ ನೋಡಿದ, ಕಾಲಿನಿಂದ ಒಂದು ಸಲ ಒತ್ತಿದ. "ಅಂಚಿನ ಹತ್ರ ಇದೆ ಮೇಡಂ, ರಿಪೇರಿ ನಿಲ್ಲಲ್ಲ" ಅಂದ. ಆಮೇಲೆ ಟೈರಿನ ಮೇಲಿದ್ದ ನಾಲ್ಕು ಅಂಕಿ ತೋರಿಸಿದ. 3121. ಅಂದರೆ 2021ರ 31ನೇ ವಾರ ತಯಾರಾಗಿದ್ದು. "ನಾಲ್ಕು ವರ್ಷ ದಾಟಿದೆ, ಎಕ್ಸ್‌ಪೈರಿ ಆದ ಹಾಗೇ. ನಾಲ್ಕೂ ಚೇಂಜ್ ಮಾಡಿಸಿಬಿಡಿ, ಈಗ ಜಿಎಸ್‌ಟಿ ಬೇರೆ ಇಳಿದಿದೆ." ಜಿಎಸ್‌ಟಿ ಇಳಿದಿದ್ದು ನಿಜ, 2025ರ ಸೆಪ್ಟೆಂಬರಿನಲ್ಲಿ ಟೈರಿನ ಮೇಲಿನ ತೆರಿಗೆ ಶೇ 28ರಿಂದ 18ಕ್ಕೆ ಬಂತು. ಉಳಿದಿದ್ದರ ವಿಷಯ ಆಮೇಲೆ ಹೇಳ್ತೀನಿ. ನಾಲ್ಕು ಟೈರು, ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಎಲ್ಲಾ ಸೇರಿ 20 ಸಾವಿರದ ಮೇಲೆ ಹೋಯಿತು. ನಾನು, ಬರೀ ಪಂಕ್ಚರ್ ಹಾಕಿಕೊಡಿ, ಉಳಿದಿದ್ದು ಯೋಚಿಸ್ತೀನಿ ಅಂದೆ. ಆಗ ಅವನು ದನಿ ಇಳಿಸಿದ.

"ಮನೇಲಿ ಮಕ್ಕಳಿದ್ದಾರಾ ಮೇಡಂ?"

"ಒಬ್ಬಳು ಮಗಳಿದ್ದಾಳೆ."

"ಮತ್ತೆ?" ಅಂದ. ಅಷ್ಟೇ. ಆ "ಮತ್ತೆ?" ಆದ ಮೇಲೆ ಇನ್ನೇನೂ ಹೇಳಲಿಲ್ಲ. ಹೇಳೋ ಅಗತ್ಯವೂ ಇರಲಿಲ್ಲ. ನನ್ನ ತಲೆಯಲ್ಲಿ ಆಗಲೇ ಕಾರು ಬೆಂಗಳೂರು ಹೆದ್ದಾರಿಯಲ್ಲಿ ಪಲ್ಟಿ ಹೊಡೆದಾಗಿತ್ತು.

ಗಂಡನಿಗೆ ಫೋನ್ ಮಾಡಿದೆ. ಅವರದು ಒಂದು ಗುಣ, ದುಡ್ಡು ಕೊಟ್ಟರೆ ಚಿಂತೆಯೂ ಅದರ ಜೊತೆ ಹೋಗುತ್ತೆ ಅಂತ ಪೂರ್ತಿ ನಂಬಿದವರು. "ಅವರೇ ಹೇಳ್ತಿದ್ದಾರಲ್ಲ, ಹಾಕಿಸಿಬಿಡು" ಅಂದರು. ಆ ಹುಡುಗ ಅಂತೂ ಫೋನ್ ಸ್ಪೀಕರಿಗೆ ಹಾಕಿ ಅಂತ ಕೈಸನ್ನೆ ಮಾಡಿದ. ಅಲ್ಲಿವರೆಗೆ ನನ್ನ ಜೊತೆ ಮಕ್ಕಳ ಮಾತು, ಗಂಡಸಿನ ದನಿ ಕೇಳಿದ ಕೂಡಲೇ ಕಿಲೋಮೀಟರಿನ ಲೆಕ್ಕ, ವಾರಂಟಿಯ ಲೆಕ್ಕ. ಅದು ನೋಡಿ ನನಗೆ ಎಲ್ಲೋ ಚುರ್ ಅಂತು. ನಾಳೆ ಬರ್ತೀನಿ ಅಂತ ಹೊರಟುಬಿಟ್ಟೆ.

ಚಿಕ್ಕಪ್ಪ ವಿಕ್ರಾಂತ್‌ನಲ್ಲಿ ಇದ್ದವರು. ಮೇಟಗಳ್ಳಿ ಕಡೆ ವಿಕ್ರಾಂತ್ ಅಂದರೆ ಸಾಕು, ಟೈರ್ ಫ್ಯಾಕ್ಟರಿ ಅಂತ ಬಿಡಿಸಿ ಹೇಳಬೇಕಿಲ್ಲ. 1997ರಲ್ಲಿ ಜೆಕೆ ಟೈರಿನವರು ತೆಗೆದುಕೊಂಡ ಮೇಲೂ ಚಿಕ್ಕಪ್ಪನ ಬಾಯಲ್ಲಿ ಅದು ವಿಕ್ರಾಂತೇ. ಫೋನಲ್ಲಿ ಪೂರ್ತಿ ಕೇಳಿಸಿಕೊಂಡು, "ಬಿಚ್ಚಿ ನೋಡಿದ್ನಾ ಪುಟ್ಟಿ?" ಅಂದರು. ಇಲ್ಲ ಅಂದೆ. "ಬಿಚ್ಚದೆ ಹೆಂಗೆ ಹೇಳ್ದ?" ಅಂತ ಕೇಳಿ, ಬೆಳಿಗ್ಗೆ ತಾವೇ ಕರೆದುಕೊಂಡು ಹೋದರು. ಹೆಬ್ಬಾಳದ ಕಡೆ ಒಂದು ತಗಡಿನ ಪಂಕ್ಚರ್ ಅಂಗಡಿ. ಒಂದು ಕಂಪ್ರೆಸರು, ಕಪ್ಪಾದ ನೀರಿನ ತೊಟ್ಟಿ, ಹಳೇ ಟೈರಿನ ರಾಶಿ.

ನಿಜ ಹೇಳ್ತೀನಿ, ಪಂಕ್ಚರ್ ಅಂಗಡಿಯವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ, ರಸ್ತೆಗೆ ಮೊಳೆ ಚೆಲ್ಲೋದು ಇವರೇ ಏನೋ ಅಂತ. ಬೆಂಗಳೂರಿನ ಔಟರ್ ರಿಂಗ್ ರೋಡಲ್ಲಿ ಒಬ್ಬರು ಆಫೀಸಿಗೆ ಹೋಗ್ತಾ ಬರ್ತಾ ಆಯಸ್ಕಾಂತ ಹಿಡಿದು ಕೆಜಿಗಟ್ಟಲೆ ಮೊಳೆ ಆಯ್ದಿದ್ದು ಪೇಪರಲ್ಲಿ ಬಂದಿತ್ತು, ಅದನ್ನು ಓದಿದವರಿಗೆ ಅನುಮಾನ ಬಾರದೆ ಇರುತ್ತಾ? ಅದಕ್ಕೇ ಮೊದಲು ಗಾಜಿನ ಅಂಗಡಿಗೆ ಹೋಗಿದ್ದು.

ಈ ಅಂಗಡಿಯವರು ವಯಸ್ಸಾದವರು. ಟೈರಿಗೆ ಕೈ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿದರು. "ಗಾಳಿ ಇಲ್ದೇ ಎಷ್ಟು ದೂರ ಓಡಿಸಿದ್ರಿ ಅಮ್ಮಾ?"

ಜಾಸ್ತಿ ಇಲ್ಲ, ಎಳೆದ ಕೂಡಲೇ ನಿಲ್ಲಿಸಿದೆ ಅಂದೆ. ಅವರು ತಲೆಯಾಡಿಸಿದರು, ಆದರೆ ನಂಬಲಿಲ್ಲ. ರಿಮ್ಮಿನಿಂದ ಟೈರ್ ಬಿಡಿಸಿ, ಒಳಗೆ ಕೈ ಹಾಕಿ ಸುತ್ತ ಸವರಿ, ಅಂಗೈ ನನ್ನ ಮುಂದೆ ಹಿಡಿದರು. ಧೂಳಿತ್ತು, ಕರೀ ಪುಡಿ ಇರಲಿಲ್ಲ. ಗಾಳಿ ಇಲ್ಲದೆ ಓಡಿಸಿದರೆ ಟೈರಿನ ಪಕ್ಕದ ಗೋಡೆ ರಿಮ್ಮಿಗೂ ರಸ್ತೆಗೂ ಮಧ್ಯೆ ಸಿಕ್ಕಿ ಒಳಗೊಳಗೇ ಅರೆದು ಹೋಗುತ್ತಂತೆ, ಆ ಅರೆದ ರಬ್ಬರು ಪುಡಿಯಾಗಿ ಒಳಗೆ ಬಿದ್ದಿರುತ್ತೆ. ಹಾಗಿದ್ದರೆ ಮೊಳೆ ತೂತು ಎಷ್ಟೇ ಚಿಕ್ಕದಿರಲಿ, ಟೈರ್ ಎಸೆಯಬೇಕು. ಹೊರಗಿನಿಂದ ಏನೂ ಕಾಣಲ್ಲ. ಬಿಚ್ಚದೆ ಗೊತ್ತಾಗಲ್ಲ.

ಆಮೇಲೆ ತೂತು. ಅಂಚಿನಿಂದ ಎರಡು ಬೆರಳು ಒಳಗೆ ಇತ್ತು. ರಸ್ತೆಗೆ ತಾಗುವ ಭಾಗದಲ್ಲಿ, 6 ಮಿಲಿಮೀಟರ್ ಒಳಗಿನ ತೂತಾದರೆ ರಿಪೇರಿ ಮಾಡಬಹುದು. ಪಕ್ಕದ ಗೋಡೆಯಲ್ಲಾದರೆ ಮಾಡಬಾರದು, ಅದು ಚಕ್ರ ಉರುಳಿದಷ್ಟು ಸಲ ಬಾಗ್ತಾನೇ ಇರುತ್ತೆ, ಪ್ಯಾಚ್ ನಿಲ್ಲಲ್ಲ. ಹೊರಗಿನಿಂದ ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿದ್ದರೆ ಐದು ನಿಮಿಷದ ಕೆಲಸ. ಚಿಕ್ಕಪ್ಪ ಬಿಡಲಿಲ್ಲ. ಮೊಳೆ ಹೋಗಿರೋದು ಸ್ಟೀಲ್ ತಂತಿಯ ಪದರದೊಳಗೆ, ನೀರು ಇಳಿದರೆ ತಂತಿ ತುಕ್ಕು ಹಿಡಿಯುತ್ತೆ, ಒಳಗಿನಿಂದ ಮಶ್ರೂಮ್ ಪ್ಯಾಚೇ ಹಾಕಿ ಅಂದರು. ಅಣಬೆಯ ಹಾಗಿರೋ ರಬ್ಬರು ಅದು, ಕಾಂಡ ತೂತು ತುಂಬುತ್ತೆ, ಕೊಡೆ ಒಳಗಿನಿಂದ ಅಂಟಿಕೊಳ್ಳುತ್ತೆ. ಅಂಗಡಿಯವರು, ನಾನೂ ಅದನ್ನೇ ಹೇಳೋನಿದ್ದೆ ಸ್ವಾಮಿ ಅಂದರು. ಇಬ್ಬರೂ ಸೇರಿ ಆಮೇಲೆ ವಿಕ್ರಾಂತ್ ಕಾಲದ ಮಾತಿಗೆ ಬಿದ್ದರು, ನಾನು ಅಲ್ಲಿದ್ದೀನಿ ಅನ್ನೋದೇ ಮರೆತರು.

ಎಕ್ಸ್‌ಪೈರಿ ವಿಷಯ ಕೇಳಿದೆ. ಟೈರಿನ ಮೇಲೆ ಹಾಗೆ ಮುಗಿಯುವ ದಿನ ಅಂತ ಏನೂ ಇರಲ್ಲ, ತಯಾರಾದ ವಾರ ಮಾತ್ರ ಇರುತ್ತೆ. ಐದು ವರ್ಷ ಆದ ಮೇಲೆ ವರ್ಷಕ್ಕೊಂದು ಸಲ ತೋರಿಸಿ, ಎಷ್ಟೇ ಚೆನ್ನಾಗಿದ್ದರೂ ಹತ್ತು ವರ್ಷಕ್ಕೆ ತೆಗೆಯಿರಿ ಅಂತ ದೊಡ್ಡ ಕಂಪನಿಗಳೇ ಹೇಳ್ತವೆ. ಗ್ರಿಪ್ಪಿನ ಸಂದಿಯಲ್ಲಿ ಸಣ್ಣ ದಿಂಡು ಇರುತ್ತೆ, ಗ್ರಿಪ್ ಸವೆದು ಅದರ ಸಮಕ್ಕೆ ಬಂದರೆ ಉಳಿದಿರೋದು 1.6 ಮಿಲಿಮೀಟರ್ ಅಂತ ಲೆಕ್ಕ, ಆಗ ಬದಲಾಯಿಸಲೇಬೇಕು. ನಮ್ಮದು ಅದಕ್ಕಿಂತ ಎಷ್ಟೋ ಮೇಲಿತ್ತು.

ಇಲ್ಲಿಗೆ ಮುಗಿದಿದ್ದರೆ, ಗಾಜಿನ ಅಂಗಡಿಯವರು ಮೋಸಗಾರರು, ತಗಡಿನ ಅಂಗಡಿಯವರು ದೇವರಂಥವರು ಅಂತ ಬರೆದು ಸುಮ್ನೆ ಆಗ್ತಿದ್ದೆ. ಆದರೆ ಅವರು ಕೈ ಒರೆಸಿಕೊಳ್ತಾ ಕಾರಿನ ಸುತ್ತ ಒಂದು ಸುತ್ತು ಬಂದರು. ಹಿಂದಿನ ಎಡಗಡೆ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು, "ಇದು ಯಾವಾಗ ಆಯ್ತಮ್ಮಾ?" ಅಂದರು. ಟೈರಿನ ಪಕ್ಕದಲ್ಲಿ ಅರ್ಧ ನಿಂಬೆಹಣ್ಣು ಅಂಟಿಸಿದ ಹಾಗೆ ಒಂದು ಊತ. ಗುಂಡಿಗೋ ಫುಟ್‌ಪಾತಿಗೋ ಜೋರಾಗಿ ಬಡಿದು ಒಳಗಿನ ದಾರ ಹರಿದಿದೆ, ಗಾಳಿ ಅಲ್ಲಿಂದ ನೂಕ್ತಿದೆ. ಇದಕ್ಕೆ ರಿಪೇರಿನೇ ಇಲ್ಲ. "ಪಂಕ್ಚರ್ ಆಗಿದ್ದು ಇನ್ನೂ ಓಡುತ್ತೆ. ಇದನ್ನ ಇವತ್ತೇ ತೆಗೀಬೇಕು" ಅಂದರು. ಹೊಸ ಟೈರ್ ಅವರ ಹತ್ತಿರ ಇಲ್ಲ, ಅವರಿಗೆ ಇದರಿಂದ ಒಂದು ರೂಪಾಯಿ ಲಾಭ ಇಲ್ಲ.

ನನಗೆ ಮೈ ಉರಿದಿದ್ದು ಆಗ. ನಾಲ್ಕೂ ಬದಲಾಯಿಸಿ ಅಂದವನು ಈ ಊತ ತೋರಿಸಲೇ ಇಲ್ಲ. ತೋರಿಸಿದ್ದರೆ ಬಾಯಿ ಮುಚ್ಚಿಕೊಂಡು ದುಡ್ಡು ಕೊಡ್ತಿದ್ದೆ. ಮಕ್ಕಳಿದ್ದಾರಾ ಅಂತ ಕೇಳಿದವನಿಗೆ ಮಗಳು ದಿನಾ ಕೂರುವ ಬದಿಯ ಟೈರ್ ಕಾಣಲಿಲ್ಲ. ಯಾಕೆಂದರೆ ಅವನು ಕಾರನ್ನ ನೋಡಲಿಲ್ಲ, ನನ್ನ ಮುಖ ನೋಡ್ತಿದ್ದ. ಪಾಪ, ಅವನಿಗೂ ತಿಂಗಳಿಗೆ ಇಷ್ಟು ಟೈರು ಅಂತ ಟಾರ್ಗೆಟ್ ಇರುತ್ತೆ, ಆ ದನಿ ಇಳಿಸೋದನ್ನೂ ಯಾರೋ ಕಲಿಸಿರ್ತಾರೆ. ಸಿಟ್ಟು ಅವನ ಮೇಲೆ ಅಷ್ಟಿಲ್ಲ, ಆ ಪ್ರಶ್ನೆಯ ಮೇಲಿದೆ. ಹಿಂದೆಯೂ ಕೇಳಿದ್ದೀನಿ ಅದನ್ನ. ಏಳನೇ ತಿಂಗಳಲ್ಲಿದ್ದಾಗ ಒಬ್ಬಾಕೆ ಫೈಲ್ ಹಿಡಿದು ಬಂದು, ಹೆರಿಗೆಯಾದಾಗ ಹೊಕ್ಕುಳಬಳ್ಳಿಯ ರಕ್ತವನ್ನ ನಮ್ಮ ಬ್ಯಾಂಕಿನಲ್ಲಿ ಕೂಡಿಡಿ, ಮಗುವಿನ ವಿಷಯದಲ್ಲಿ ಲೆಕ್ಕ ನೋಡ್ತೀರಾ ಅಂತ ಕೇಳಿದ್ದಳು. ನೀರಿನ ಫಿಲ್ಟರಿನವರು, ಟ್ಯೂಷನ್ನಿನವರು, ಎಲ್ಲರಿಗೂ ಈ ಬಾಗಿಲು ಗೊತ್ತು. ಬೇಡ ಅಂದರೆ ನಾವು ಜಿಪುಣರಲ್ಲ, ಕೆಟ್ಟ ಅಮ್ಮಂದಿರು. ಅಪ್ಪಂದಿರಿಗೆ ಕೇಳುವಾಗ ಈ ದನಿ ಬರಲ್ಲ ನೋಡಿ, ಅವರಿಗೆ ಮೈಲೇಜ್ ಹೇಳ್ತಾರೆ.

ಭಯ ಸುಳ್ಳಲ್ಲ. ಗಾಳಿ ಕಡಿಮೆ ಇದ್ದು ಜೋರಾಗಿ ಓಡಿಸಿದರೆ ಟೈರ್ ಕಾದು ಸಿಡಿಯುತ್ತೆ, ಅದು ಯಾರಿಗೂ ಆಗಬಹುದು. ಅದಕ್ಕೇ ಅಲ್ವಾ ಆ ಭಯವನ್ನ ಸರಿಯಾದ ಟೈರಿನ ಕಡೆ ತಿರುಗಿಸಬೇಕಾಗಿದ್ದು? "ಎಷ್ಟು ದೂರ ಓಡಿಸಿದ್ರಿ" ಅಂದಾಗ ನಾನು ಯೋಚನೆ ಮಾಡಿದೆ, ನೆನಪು ಮಾಡಿಕೊಂಡೆ. "ಮಕ್ಕಳಿದ್ದಾರಾ" ಅಂದಾಗ ಯೋಚನೆ ನಿಂತೇ ಹೋಯಿತು.

ಕೊನೆಗೆ ಮಾಡಿದ್ದು ಇದು. ಪ್ಯಾಚ್ ಹಾಕಿದ ಟೈರ್ ತನ್ನ ಜಾಗಕ್ಕೇ ಹೋಯಿತು, 300 ರೂಪಾಯಿ. ಮುಂದೆ ಇದ್ದ ಸ್ಟೆಪ್ನಿ ಹಿಂದಕ್ಕೆ ಹೋಯಿತು. ಊತದ ಟೈರನ್ನ ಚಿಕ್ಕಪ್ಪ ಚಾಕುವಿನಿಂದ ಕೊಯ್ದು ಹಾಕಿಸಿದರು, ಯಾರೂ ಇನ್ನೊಬ್ಬರಿಗೆ ಮಾರಬಾರದು ಅಂತ. ಅಂದರೆ ಸದ್ಯಕ್ಕೆ ಸ್ಟೆಪ್ನಿ ಇಲ್ಲ. ಈಗ ಕೆಲವು ಹೊಸ ಕಾರಿಗೆ ಕಂಪನಿಯವರೇ ಕೊಡಲ್ಲ, 2020ರಿಂದ ಟ್ಯೂಬ್‌ಲೆಸ್ ಟೈರು, ಗಾಳಿ ತೋರಿಸೋ ಸೆನ್ಸರು, ರಿಪೇರಿ ಕಿಟ್ಟು ಇದ್ದರೆ ಸಾಕು ಅಂತ ನಿಯಮ ಆಗಿದೆ. ನಮ್ಮ ಕಾರಿನಲ್ಲಿ ಮೊದಲನೆಯದು ಬಿಟ್ಟರೆ ಬೇರೇನೂ ಇಲ್ಲ. ಒಂದು ಹೊಸ ಟೈರ್ ಹೇಳಿದ್ದೀನಿ, ಬೇರೆ ಅಂಗಡಿಯಲ್ಲಿ, ಸೋಮವಾರ ಬರುತ್ತೆ. ಅಲ್ಲಿವರೆಗೆ ಊರೊಳಗೆ ಮಾತ್ರ ಓಡಾಟ. ಪಂಕ್ಚರ್ ಆಗಿದ್ದು ಮುಂದಿನದು, ಎಸೆದಿದ್ದು ಹಿಂದಿನದು, ಇದೆಂಥಾ ಲೆಕ್ಕ ಅಂತ ನನ್ನ ಗಂಡ ಇನ್ನೂ ಕೇಳ್ತಿದ್ದಾರೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಅಂದಿದ್ದೀನಿ, ಮಾಡಿಲ್ಲ.