ಅಪ್ಪಾಜಿಯ ಕ್ಯಾಸೆಟ್‌ಗಳಿಗೆ ಒಂದು ಹಗುರ ಪ್ಲೇಯರ್

ಹೋದ ತಿಂಗಳು ಹೊಸ ಕಂಪ್ಯೂಟರ್ ತಗೊಂಡೆ. ದೊಡ್ಡದೇನಲ್ಲ. 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ, ವಿಂಡೋಸ್ 11. ದಾವಣಗೆರೆ ಮಂಡಿಪೇಟೆಯ ಐದಾರು ಅಂಗಡಿಗಳ ಲೆಕ್ಕವನ್ನು ನಾನು ಮನೆಯಲ್ಲೇ ಕೂತು ಬರೆಯುತ್ತೇನೆ. ಬೆಳಗ್ಗೆ ಟ್ಯಾಲಿ ಅನ್ನುವ ಲೆಕ್ಕದ ಪ್ರೋಗ್ರಾಂ ತೆರೆದರೆ ರಾತ್ರಿ ತನಕ ಮುಚ್ಚುವುದಿಲ್ಲ, ಪಕ್ಕದಲ್ಲಿ ಜಿಎಸ್‌ಟಿ ಪೋರ್ಟಲ್, ಎರಡು ಎಕ್ಸೆಲ್ ಹಾಳೆ, ಅಂಗಡಿಯವರು ವಾಟ್ಸಾಪ್‌ನಲ್ಲಿ ಕಳಿಸಿದ ಬಿಲ್ಲಿನ ಫೋಟೋಗಳು, ಹೀಗೆ ಪರದೆ ತುಂಬಿರುತ್ತದೆ. ರಿಟರ್ನ್ ತುಂಬಬೇಕಾದ 20ನೇ ತಾರೀಖು ಹತ್ತಿರ ಬಂದರಂತೂ ಕೇಳುವುದೇ ಬೇಡ. ಇಷ್ಟೆಲ್ಲದರ ಜೊತೆಗೆ ನನಗೆ ಹಾಡು ಬೇಕೇ ಬೇಕು. ಹಾಡಿಲ್ಲದೆ ಅಂಕಿ ಕೂಡಿಸುವುದು ನನ್ನ ಕೈಯಲ್ಲಿ ಆಗುವುದಿಲ್ಲ. ಅದಕ್ಕೇ ಹಾಡು ನುಡಿಸುವ ಒಂದು ಹಗುರ ಪ್ಲೇಯರ್, ಅಂದರೆ ರ್‍ಯಾಮ್ ಕಡಿಮೆ ತಿನ್ನುವ ಪ್ರೋಗ್ರಾಂ, ಹುಡುಕಲು ಹೊರಟೆ.

ಹೊಸ ಕಂಪ್ಯೂಟರ್‌ಗೆ ಹಗುರವಾದ ಪ್ಲೇಯರ್ ಯಾಕೆ ಅಂತ ಗೆಳೆಯರೊಬ್ಬರು ಕೇಳಿದರು. ರ್‍ಯಾಮ್ ಇರುವುದು ಕೆಲಸಕ್ಕೆ. ಹಾಡಿನ ಪ್ರೋಗ್ರಾಂ ಅದರಲ್ಲಿ ಒಂದು ಮೂಲೆಯಲ್ಲಿ ಸುಮ್ನೆ ಕೂತಿರಬೇಕು, ಅಷ್ಟೆ. ಬ್ರೌಸರ್‌ನಲ್ಲಿ ಹಾಡು ಹಾಕಿ ಇನ್ನೊಂದು ಟ್ಯಾಬ್‌ನಲ್ಲಿ ರಿಟರ್ನ್ ತುಂಬಲು ಹೋದಾಗ ಇಡೀ ಬ್ರೌಸರ್ ಎಳೆದಾಡಿದ್ದನ್ನು ನಾನು ಹಳೇ ಕಂಪ್ಯೂಟರ್‌ನಲ್ಲಿ ಸಾಕಷ್ಟು ಸಲ ನೋಡಿದ್ದೇನೆ.

ಆದರೆ ನಿಜವಾದ ಕಾರಣ ಅದಲ್ಲ. ನನ್ನ ಹಾಡುಗಳು ಇಂಟರ್ನೆಟ್‌ನಲ್ಲಿ ಎಲ್ಲೂ ಇಲ್ಲ. ಅಪ್ಪಾಜಿ ಚನ್ನಗಿರಿ ಕಡೆಯ ನಮ್ಮೂರಿನ ಭಜನೆ ಮೇಳದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಒಂದು ಟೇಪ್ ರೆಕಾರ್ಡರ್ ಜೊತೆಗೇ ಒಯ್ಯುತ್ತಿದ್ದರು. ಶ್ರಾವಣ ಸೋಮವಾರದ ಭಜನೆ, ಮದುವೆ ಮನೆಯ ಸೋಬಾನೆ, ನಮ್ಮಜ್ಜಿ ರಾಗಿ ಬೀಸುತ್ತಾ ಹಾಡಿದ ಬೀಸುವ ಪದ, ಎಲ್ಲಾ ಸೇರಿ 52 ಕ್ಯಾಸೆಟ್. ಅದರಲ್ಲಿ 43ನ್ನು ಇಷ್ಟರಲ್ಲಿ ಕಂಪ್ಯೂಟರ್‌ಗೆ ಏರಿಸಿದ್ದೇನೆ. ಟೇಪ್ ರೆಕಾರ್ಡರ್‌ನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ಒಂದು 3.5 ಎಂಎಂ ವೈರು, ಧ್ವನಿ ಮುದ್ರಿಸುವ ಆಡಾಸಿಟಿ ಅನ್ನುವ ಉಚಿತ ತಂತ್ರಾಂಶ, ಮತ್ತೆ ತಾಳ್ಮೆ. 60 ನಿಮಿಷದ ಕ್ಯಾಸೆಟ್ ಏರಿಸಲು 60 ನಿಮಿಷವೇ ಬೇಕು, ಬೇಗ ಮುಗಿಸುವ ದಾರಿ ಇಲ್ಲ. ಸಿಡಿ ಗುಣಮಟ್ಟದಲ್ಲಿ ಏರಿಸಿದರೆ ನಿಮಿಷಕ್ಕೆ ಸುಮಾರು 10 ಎಂಬಿ, ಅಂದರೆ 30 ನಿಮಿಷದ ಒಂದು ಸೈಡಿಗೆ 300 ಎಂಬಿಗಿಂತ ಸ್ವಲ್ಪ ಜಾಸ್ತಿ. ಅದನ್ನು ಫ್ಲ್ಯಾಕ್ ಅನ್ನುವ ಬಗೆಯ ಫೈಲ್ ಮಾಡಿ ಇಟ್ಟುಕೊಂಡೆ. ಫ್ಲ್ಯಾಕ್‌ನಲ್ಲಿ ಗಾತ್ರ ಕುಗ್ಗುತ್ತದೆ, ಆದರೆ ಧ್ವನಿಯಲ್ಲಿ ಏನೂ ಕಳೆದುಹೋಗುವುದಿಲ್ಲ. ಎಂಪಿ3ಯಲ್ಲಿ ಹಾಗಲ್ಲ, ಅಲ್ಲಿ ಕಿವಿಗೆ ಕೇಳಿಸಲಾರದು ಅಂತ ಅಂದಾಜು ಮಾಡಿದ ಭಾಗವನ್ನು ತೆಗೆದುಹಾಕಿಬಿಡುತ್ತದೆ. ಹಾಳಾದರೆ ಮತ್ತೆ ಏರಿಸಲು ಅಜ್ಜಿ ಇಲ್ಲ, ಕ್ಯಾಸೆಟ್ಟೂ ಎಷ್ಟು ದಿನ ಬರುತ್ತದೋ. ಅದಕ್ಕೇ ಫ್ಲ್ಯಾಕ್.

ಇನ್ನು ಹಳೇ ಕಂಪ್ಯೂಟರ್‌ನಲ್ಲಿ ಆದ ಒಂದು ಪೆಟ್ಟು ಹೇಳಲೇಬೇಕು. ಆಗ ಇಟ್ಟುಕೊಂಡಿದ್ದ ಒಂದು ಪ್ಲೇಯರ್ (ಹೆಸರು ಬೇಡ) ನಿಮ್ಮ ಲೈಬ್ರರಿಯನ್ನು ಜೋಡಿಸಿ ಕೊಡಲೇ ಅಂತ ಕೇಳಿತು. ಹೂಂ ಅಂದೆ. ಅದು ನನ್ನ ಫೋಲ್ಡರ್‌ಗಳನ್ನೆಲ್ಲ ಒಡೆದು, ಗಾಯಕರ ಹೆಸರಿಲ್ಲದ ಫೈಲ್‌ಗಳನ್ನೆಲ್ಲ 'ಅನ್‌ನೋನ್ ಆರ್ಟಿಸ್ಟ್' ಅನ್ನುವ ಒಂದೇ ಫೋಲ್ಡರ್‌ಗೆ ಸುರಿಯಿತು. ಭಜನೆ ಮೇಳದ ಹನ್ನೆರಡು ಜನಕ್ಕೆ ಗಾಯಕರು ಅಂತ ಯಾರ ಹೆಸರು ಬರೆಯುವುದು? ಅಪ್ಪಾಜಿ ಕ್ಯಾಸೆಟ್ಟಿನ ಮೇಲೆ ಪೆನ್ನಿನಲ್ಲಿ ಬರೆದಿದ್ದ ಕ್ರಮದಲ್ಲೇ, ಊರು, ವರ್ಷ, ಎ ಸೈಡು, ಬಿ ಸೈಡು ಅಂತ ನಾನು ಫೋಲ್ಡರ್ ಮಾಡಿದ್ದೆ. ಮತ್ತೆ ಒಂದೊಂದಾಗಿ ಕೇಳಿ, ಇದು ಯಾವ ಊರಿನದು ಅಂತ ಅಪ್ಪಾಜಿಯನ್ನು ಕೇಳಿ ಜೋಡಿಸಲು ಒಂದು ಬೇಸಿಗೆ ಹಿಡಿಯಿತು. ಅಂದಿನಿಂದ ನನ್ನ ಮೊದಲ ಶರತ್ತು ಇದೇ: ಪ್ಲೇಯರ್ ನನ್ನ ಫೋಲ್ಡರ್‌ಗಳನ್ನು ಇದ್ದ ಹಾಗೇ ನೋಡಬೇಕು, ಕೈ ಹಾಕಬಾರದು.

ಹಾಗಾಗಿ ಈ ಸಲ ಅವಸರ ಮಾಡಲಿಲ್ಲ. ಎರಡು ವಾರ ಒಂದೊಂದನ್ನೇ ಹಾಕಿ ನೋಡಿದೆ.

ಮೊದಲು ಮನಸ್ಸು ಹೋಗಿದ್ದು ವಿನ್ಆಂಪ್ ಕಡೆಗೆ. ನಮ್ಮ ಕಾಲದವರಿಗೆ ಅದರ ಮೇಲೆ ಪ್ರೀತಿ ಹೋಗುವುದಿಲ್ಲ. ಅದು ಬಂದಿದ್ದು 1997ರಲ್ಲಿ, ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೇ. ವಿದ್ಯಾರ್ಥಿ ಭವನದ ಹತ್ತಿರ ಒಂದು ಸೈಬರ್ ಸೆಂಟರ್‌ನಲ್ಲಿ ನಾನು ಮೊದಲು ನೋಡಿದ ಪ್ಲೇಯರ್ ಅದು, ಆ ಹಸಿರು ಅಕ್ಷರ ಓಡುವುದನ್ನು ನೋಡುತ್ತಾ ಕೂತಿದ್ದು ಇನ್ನೂ ಕಣ್ಣಲ್ಲಿದೆ. ಈಗಲೂ ಸಿಗುತ್ತದೆ, ಹಗುರವಾಗಿಯೂ ಇದೆ. ಆದರೆ ಆ ಹಳೇ ರೂಪದಲ್ಲಿ, ಅಂದರೆ ಕ್ಲಾಸಿಕ್ ಸ್ಕಿನ್‌ಗಳಲ್ಲಿ, ಹಾಡಿನ ಹೆಸರು ಓಡುವ ಜಾಗದ ಅಕ್ಷರಗಳು ಚಿತ್ರದ ತುಂಡುಗಳಾಗಿ ಇರುತ್ತವೆ. ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ ಅಷ್ಟೇ. ಅದರಲ್ಲಿ ಕನ್ನಡ ಹೇಗೆ ಬರಬೇಕು? ನನ್ನ ಫೈಲ್‌ಗಳ ಹೆಸರೆಲ್ಲಾ ಕನ್ನಡದಲ್ಲೇ ಇವೆ.

ವಿಂಡೋಸ್ ಜೊತೆಗೇ ಬರುವ ಮೀಡಿಯಾ ಪ್ಲೇಯರ್ ಕೆಟ್ಟದ್ದೇನಲ್ಲ, ಆದರೆ ನನಗೆ ಬೇಕಾದ ಸೂಕ್ಷ್ಮಗಳು ಅದರಲ್ಲಿಲ್ಲ. ವಿಎಲ್‌ಸಿ ಎಲ್ಲರ ಕಂಪ್ಯೂಟರ್‌ನಲ್ಲೂ ಇರಬೇಕಾದ್ದು, ಪ್ಯಾರಿಸ್‌ನ ಒಂದು ಕಾಲೇಜಿನ ವಿದ್ಯಾರ್ಥಿಗಳು ಶುರು ಮಾಡಿದ್ದು, ಏನು ಕೊಟ್ಟರೂ ಓಡಿಸುತ್ತದೆ. ನಾನೂ ಇಟ್ಟುಕೊಂಡಿದ್ದೇನೆ, ವಿಡಿಯೋಗೆ. ದಿನವಿಡೀ ಹಾಡು ಕೇಳಲು ಅದು ನನಗೆ ಹೊಂದಲಿಲ್ಲ. ಮ್ಯೂಸಿಕ್‌ಬೀ ತುಂಬಾ ಚೆಂದ ಇದೆ. ಆಲ್ಬಂ ಚಿತ್ರಗಳು, ಬಣ್ಣ, ಎಲ್ಲಾ. ಸಿನಿಮಾ ಹಾಡುಗಳ ದೊಡ್ಡ ಸಂಗ್ರಹ ಇರುವವರು ಅದನ್ನೇ ಹಾಕಿಕೊಳ್ಳಿ. ನನ್ನ ಕ್ಯಾಸೆಟ್‌ಗಳಿಗೆ ಚಿತ್ರವೇ ಇಲ್ಲ. ಲಿನಕ್ಸ್ ಬಳಸುವವರಾದರೆ ಆಡೇಷಿಯಸ್ ನೋಡಿ, ಕಡಿಮೆ ಶಕ್ತಿಯ ಕಂಪ್ಯೂಟರ್‌ನಲ್ಲೂ ಓಡುತ್ತದೆ, ಹಳೇ ವಿನ್ಆಂಪ್ ಸ್ಕಿನ್‌ಗಳನ್ನೂ ಹಾಕಬಹುದು.

ಕೊನೆಗೆ ಉಳಿದಿದ್ದು ಎರಡು, ಎಐಎಂಪಿ ಮತ್ತು ಫೂಬಾರ್2000. ಎರಡೂ ಉಚಿತ, ಎರಡೂ ಹಗುರ. ಎಐಎಂಪಿ ಹಾಕಿದ ಕೂಡಲೇ ಬಳಸಲು ಸುಲಭ, ನೋಡಲೂ ಅಚ್ಚುಕಟ್ಟು. ಫೂಬಾರ್2000 ತೆರೆದರೆ ಬರೀ ಬಿಳಿ ಕಿಟಕಿ, ಒಂದು ಪಟ್ಟಿ, ನಾಲ್ಕು ಗುಂಡಿ. ಇದನ್ನು ಮಾಡಿದ್ದು ಪೀಟರ್ ಪಾವ್ಲೋವ್ಸ್ಕಿ, ಮೊದಲು ವಿನ್ಆಂಪ್ ಮಾಡಿದ ಕಂಪನಿಗೂ ಕೆಲಸ ಮಾಡಿಕೊಟ್ಟಿದ್ದವರು. 2002ರಿಂದ ಇದೆ. ಇಷ್ಟು ವರ್ಷ ಆದರೂ ಊದಿಕೊಂಡಿಲ್ಲ. ನನಗೆ ಇದೇ ಹಿಡಿಸಿತು, ಯಾಕೆ ಅಂತ ಹೇಳುತ್ತೇನೆ.

ಮೊದಲನೆಯದು ಫೋಲ್ಡರ್. ಅದರ ಆಲ್ಬಂ ಲಿಸ್ಟ್‌ನಲ್ಲಿ ಫೋಲ್ಡರ್ ಇರುವ ಹಾಗೇ ತೋರಿಸು ಅನ್ನುವ ಆಯ್ಕೆ ಇದೆ. ಗಾಯಕರು, ವರ್ಷ, ಶೈಲಿ ಅಂತ ಅದು ತಾನಾಗಿ ಗುಂಪು ಮಾಡುವುದು ಬೇಡ ಅಂದರೆ ಬಿಟ್ಟುಬಿಡುತ್ತದೆ. ಅಪ್ಪಾಜಿಯ ಕ್ರಮ ಅಪ್ಪಾಜಿಯ ಕ್ರಮವಾಗೇ ಕಾಣುತ್ತದೆ. ನಾನು ಹೇಳದೆ ಒಂದು ಫೈಲನ್ನೂ ಸರಿಸುವುದಿಲ್ಲ.

ಎರಡನೆಯದು ಕನ್ನಡ. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಕನ್ನಡದ ಹಾಡು ಇಟ್ಟುಕೊಂಡವರಿಗೆಲ್ಲಾ ಈ ತೊಂದರೆ ಆಗಿರುತ್ತದೆ. ಹಾಡಿನ ಹೆಸರು, ಹಾಡಿದವರ ಹೆಸರು ಫೈಲಿನ ಒಳಗೇ ಟ್ಯಾಗ್ ಆಗಿ ಕೂತಿರುತ್ತವೆ. ಎಂಪಿ3ಯ ಟ್ಯಾಗ್ ಪದ್ಧತಿಯಾದ ಐಡಿ3ಯ ಮೊಟ್ಟಮೊದಲ ಆವೃತ್ತಿಯಲ್ಲಿ ಇಡೀ ಟ್ಯಾಗಿಗೆ 128 ಬೈಟ್, ಅದರಲ್ಲಿ ಹಾಡಿನ ಹೆಸರಿಗೆ ಬರೀ 30. ಇಂಗ್ಲಿಷಿಗಾದರೆ 30 ಅಕ್ಷರ ಹಿಡಿಯುತ್ತದೆ. ಆದರೆ ಈಗ ಅಕ್ಷರಗಳನ್ನು ಕಂಪ್ಯೂಟರ್ ಇಟ್ಟುಕೊಳ್ಳುವ ಯುಟಿಎಫ್-8 ಅನ್ನುವ ರೀತಿಯಲ್ಲಿ ಬರೆದರೆ ಕನ್ನಡದ ಒಂದೊಂದು ಗುರುತಿಗೂ 3 ಬೈಟ್ ಬೇಕು, ಸ್ವರಚಿಹ್ನೆಗೂ ಬೇರೆಯಾಗಿ 3. 'ದಾವಣಗೆರೆ' ಅನ್ನುವ ಒಂದೇ ಪದಕ್ಕೆ 24 ಬೈಟ್ ಆಯಿತು. ಆಮೇಲೆ ಬಂದ ಐಡಿ3 ಎರಡನೇ ಆವೃತ್ತಿಯಲ್ಲಿ ಈ ಮಿತಿ ಹೋಯಿತು, ಯೂನಿಕೋಡ್ (ಎಲ್ಲಾ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ) ಕನ್ನಡ ಸರಾಗವಾಗಿ ಕೂರುತ್ತದೆ. ಫ್ಲ್ಯಾಕ್ ಫೈಲಿನ ಟ್ಯಾಗ್ ಅಂತೂ ಮೊದಲಿಂದಲೂ ಯುಟಿಎಫ್-8.

ಇನ್ನೊಂದು ತೊಂದರೆ ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೇ ಫಾಂಟುಗಳದ್ದು. ಆ ಕಾಲದಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದರು. ಆ ಫಾಂಟ್ ಹಾಕಿದರೆ ಕನ್ನಡ, ಇಲ್ಲದಿದ್ದರೆ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಾಲು. ನನ್ನ ಹತ್ತಿರ ಸುಮಾರು ಹಳೇ ಫೈಲ್‌ಗಳು ಹೀಗೇ ಇದ್ದವು. ಇದಕ್ಕೆ ಯಾವ ಪ್ಲೇಯರ್ ತಂದರೂ ಗುಣ ಇಲ್ಲ, ಟ್ಯಾಗನ್ನೇ ಯೂನಿಕೋಡಿಗೆ ಬದಲಿಸಬೇಕು. ಎಂಪಿ3ಟ್ಯಾಗ್ ಅನ್ನುವ ಉಚಿತ ಸಾಧನ ಇದೆ, ಒಂದೇ ಸಲಕ್ಕೆ ನೂರಾರು ಫೈಲ್ ತೆರೆದು ತಿದ್ದಬಹುದು. ನಾನು ದಿನಾ ಊಟ ಆದ ಮೇಲೆ ಅರ್ಧ ಗಂಟೆ ಕೂತು ಮುಗಿಸಿದೆ. ನೀವು ಪ್ಲೇಯರ್ ಪರೀಕ್ಷೆ ಮಾಡುವಾಗ ಒಂದು ಫೈಲಿಗೆ 'ಸ್ವಾತಂತ್ರ್ಯ' ಅಂತ ಹೆಸರಿಟ್ಟು ನೋಡಿ. ಒತ್ತಕ್ಷರ ಸರಿಯಾಗಿ ಕೂತರೆ ಪಾಸು. ಫೂಬಾರ್2000ನಲ್ಲಿ ಸರಿಯಾಗಿ ಕೂತಿತು. ವಿಂಡೋಸ್‌ನಲ್ಲೇ ಇರುವ ನಿರ್ಮಲಾ ಯುಐ ಫಾಂಟ್ ಸಾಕು, ಬೇರೆ ಏನೂ ಹಾಕಲಿಲ್ಲ.

ಮೂರನೆಯದು ಸದ್ದು. ಅಪ್ಪಾಜಿಯ ಕ್ಯಾಸೆಟ್ಟಿನ ಸದ್ದು ತೀರಾ ಕಡಿಮೆ, ಈಗಿನ ಹಾಡು ಜೋರು. ಅಜ್ಜಿಯ ಪದ ಕೇಳಲು ವಾಲ್ಯೂಮ್ ಏರಿಸಿ ಕೂತಿರುತ್ತೇನೆ, ಮುಂದಿನ ಹಾಡು ಬಂದು ಮನೆಯವರೆಲ್ಲಾ ಎದ್ದು ಕೂರುವ ಹಾಗೆ ಆಗುತ್ತದೆ. ಇದಕ್ಕೆ ರೀಪ್ಲೇಗೇನ್ ಅಂತ ಒಂದು ಉಪಾಯ ಇದೆ, 2001ರಲ್ಲಿ ಡೇವಿಡ್ ರಾಬಿನ್ಸನ್ ಅನ್ನುವವರು ಮುಂದಿಟ್ಟಿದ್ದು. ಪ್ರೋಗ್ರಾಂ ಪ್ರತಿ ಫೈಲನ್ನೂ ಒಮ್ಮೆ ಅಳೆದು, ಎಷ್ಟು ಏರಿಸಬೇಕು ಅಥವಾ ಇಳಿಸಬೇಕು ಅನ್ನುವ ಅಂಕಿಯನ್ನು ಟ್ಯಾಗ್‌ನಲ್ಲಿ ಬರೆದಿಡುತ್ತದೆ. ಹಾಡಿನ ಧ್ವನಿಯನ್ನು ಮುಟ್ಟುವುದಿಲ್ಲ, ನುಡಿಸುವಾಗ ಮಾತ್ರ ಹೊಂದಿಸಿಕೊಳ್ಳುತ್ತದೆ. ಬೇಡ ಅಂದರೆ ಆ ಅಂಕಿ ಅಳಿಸಿದರಾಯಿತು. ಈ ಅಳತೆಯ ಸಾಧನ ಫೂಬಾರ್2000ನಲ್ಲಿ ಒಳಗೇ ಇದೆ. ನನಗೆ ಇದೊಂದೇ ಸಾಕಾಗಿತ್ತು ಅದನ್ನು ಇಟ್ಟುಕೊಳ್ಳಲು.

ಭಜನೆ ಒಂದರಿಂದ ಇನ್ನೊಂದಕ್ಕೆ ಹಾರ್ಮೋನಿಯಂ ನಿಲ್ಲಿಸದೆ ದಾಟುತ್ತದೆ ಅಲ್ವಾ, ಅದನ್ನು ಎಂಪಿ3ಯಾಗಿ ತುಂಡು ಮಾಡಿಟ್ಟಾಗ ನಡುವೆ ಸಣ್ಣದೊಂದು ಮೌನ ಬರುತ್ತಿತ್ತು. ಎಂಪಿ3 ಮಾಡುವಾಗ ಫೈಲಿನ ತಲೆಗೂ ಬಾಲಕ್ಕೂ ಸ್ವಲ್ಪ ಖಾಲಿ ಜಾಗ ಸೇರಿಕೊಳ್ಳುತ್ತದೆ. ಎಷ್ಟು ಸೇರಿದೆ ಅಂತ ಫೈಲಿನಲ್ಲಿ ಬರೆದಿದ್ದರೆ ಒಳ್ಳೆಯ ಪ್ಲೇಯರ್ ಅದನ್ನು ಓದಿ ಕತ್ತರಿಸಿ ನುಡಿಸುತ್ತದೆ. ಫೂಬಾರ್2000 ಕತ್ತರಿಸುತ್ತದೆ. ಫ್ಲ್ಯಾಕ್‌ನಲ್ಲಿ ಈ ತೊಂದರೆಯೇ ಇಲ್ಲ.

ಕೊರತೆಯೂ ಇದೆ. ಮೊದಲ ದಿನ ಎಲ್ಲಿ ಏನಿದೆ ಅಂತ ತಿಳಿಯುವುದಿಲ್ಲ, ಸೆಟ್ಟಿಂಗ್ ಒಂದು ದೊಡ್ಡ ಕಾಡು. ಒಂದು ಸಂಜೆ ಅದಕ್ಕೆ ಕೊಡಬೇಕು. ಅದರ ಮೂಲ ಕೋಡ್ ಕೂಡ ತೆರೆದಿಟ್ಟಿಲ್ಲ, ಉಚಿತ ಅಷ್ಟೇ. ಅದು ಮುಖ್ಯ ಅನ್ನುವವರಿಗೆ ಆಡೇಷಿಯಸ್ ಅಥವಾ ವಿಎಲ್‌ಸಿ ಸರಿ. ಯಾವುದನ್ನೇ ಇಳಿಸಿಕೊಂಡರೂ ಅದರದೇ ತಾಣದಿಂದ ಇಳಿಸಿಕೊಳ್ಳಿ, ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಒತ್ತಬೇಡಿ.

ಹಾಕಿಕೊಳ್ಳುವಾಗ ಪೋರ್ಟಬಲ್ ಅನ್ನುವ ಆಯ್ಕೆ ಸಿಗುತ್ತದೆ. ಹಾಗೆ ಹಾಕಿದರೆ ಪ್ರೋಗ್ರಾಂ, ಸೆಟ್ಟಿಂಗ್ ಎಲ್ಲಾ ಒಂದೇ ಫೋಲ್ಡರ್‌ನಲ್ಲಿ ಇರುತ್ತವೆ. ಅದನ್ನು ಹಾಡುಗಳ ಜೊತೆ ಪೆನ್‌ಡ್ರೈವ್‌ಗೆ ಹಾಕಿ ಹರಿಹರದ ಚಿಕ್ಕಪ್ಪನಿಗೆ ಕೊಟ್ಟೆ. ಅವರೂ ಆ ಮೇಳದಲ್ಲಿ ತಾಳ ಹಾಕುತ್ತಿದ್ದವರು.

ಮೊನ್ನೆ ಭಾನುವಾರ ಅಪ್ಪಾಜಿ ನನ್ನ ಕುರ್ಚಿಯಲ್ಲಿ ಕೂತು, "ಆ ಶ್ರಾವಣದ್ದು ಬಿ ಸೈಡು ಇದ್ರಾಗ ಐತೇನಪ್ಪಾ?" ಅಂದರು. ಫೋಲ್ಡರ್ ತೋರಿಸಿದೆ. ತಮ್ಮ ಕೈಬರಹದ ಕ್ರಮವೇ ಇದ್ದಿದ್ದರಿಂದ ಹುಡುಕುವುದು ಕಷ್ಟ ಆಗಲಿಲ್ಲ, ತಾವೇ ಎರಡು ಸಲ ಒತ್ತಿ ಹಾಕಿಕೊಂಡರು. ನಾನು ಮಂಡಕ್ಕಿ ಮೆಣಸಿನಕಾಯಿ ತಂದು ಪಕ್ಕದಲ್ಲಿ ಕೂತೆ. ಆ ಸೈಡು ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ.

ಇನ್ನೂ 9 ಕ್ಯಾಸೆಟ್ ಬಾಕಿ ಇವೆ. ಟೇಪ್ ರೆಕಾರ್ಡರ್‌ನ ರಬ್ಬರ್ ಬೆಲ್ಟ್ ಸಡಿಲವಾಗಿ ಹಾಡು ನಿಧಾನವಾಗಿ, ಶ್ರುತಿ ಇಳಿದು ಬರುತ್ತಿದೆ. ಹಾಗೇ ಏರಿಸಲು ಮನಸ್ಸಿಲ್ಲ. ಅಶೋಕ ರಸ್ತೆಯಲ್ಲಿ ಎರಡು ಅಂಗಡಿ ಕೇಳಿದೆ, ಸಿಗಲಿಲ್ಲ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಇಂಥ ಬೆಲ್ಟ್ ಇಟ್ಟಿರುವವರು ಯಾರಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.