ಕಾಲುವೆ ದಂಡೆಯ ಪ್ಲಾಸ್ಟಿಸಿನ್ ಊರು

ಇಂಗ್ಲೆಂಡಿನ ಬಾತ್ ನಗರಕ್ಕೆ ಬರುವವರು ರೋಮನ್ನರ ಸ್ನಾನದ ಕೊಳ ನೋಡುತ್ತಾರೆ, ಟೀ ಕುಡಿಯುತ್ತಾರೆ, ಹೊರಟುಬಿಡುತ್ತಾರೆ. ಕೊಳ ನಾವೂ ನೋಡಿದೆವು. ಟಿಕೆಟ್ ದುಬಾರಿ, ಜನ ಜಾಸ್ತಿ. ನನಗೆ ಬೇಕಾಗಿದ್ದದ್ದು ಅಲ್ಲಿಂದ ಸುಮಾರು ಎರಡು ಮೈಲಿ ಆಚೆಗಿನ ಬಾತ್‌ಹ್ಯಾಂಪ್ಟನ್. ಮಕ್ಕಳು ಹಿಸುಕಿ ಹಾವು, ಆನೆ ಮಾಡುವ ಪ್ಲಾಸ್ಟಿಸಿನ್ 80 ವರ್ಷಕ್ಕೂ ಹೆಚ್ಚು ಕಾಲ ತಯಾರಾಗಿದ್ದು ಆ ಹಳ್ಳಿಯಲ್ಲಿ.

ನಡೆದೇ ಹೋಗಬೇಕು, ದಾರಿ ಅಷ್ಟು ಚೆನ್ನಾಗಿದೆ. ಸಿಡ್ನಿ ಗಾರ್ಡನ್ಸ್ ಉದ್ಯಾನದ ಒಳಗೇ ಕೆನೆಟ್-ಏವನ್ ಕಾಲುವೆ ಹಾದುಹೋಗುತ್ತದೆ. ಮೇಲೆ 1800ರ ಕಬ್ಬಿಣದ ಕಾಲುಸೇತುವೆಗಳು. ಹಿಂದೆ ಕುದುರೆಗಳು ದೋಣಿ ಎಳೆಯುತ್ತಿದ್ದ ದಂಡೆಯಲ್ಲಿ ಈಗ ಸೈಕಲ್‌ನವರು, ನಾಯಿ ಕರೆದುಕೊಂಡು ಬಂದವರು. ಪಕ್ಕದಲ್ಲಿ ಉದ್ದುದ್ದನೆಯ ದೋಣಿಮನೆಗಳು ಸಾಲಾಗಿ ನಿಂತಿವೆ. ಒಂದರ ಛಾವಣಿ ಮೇಲೆ ಸೌದೆ ರಾಶಿ, ಟೊಮೆಟೊ ಕುಂಡ, ಒಣಹಾಕಿದ ಕಾಲುಚೀಲ.

ವಿಲಿಯಂ ಹಾರ್ಬಟ್ ಬಾತ್‌ನಲ್ಲಿ ಕಲೆ ಕಲಿಸುತ್ತಿದ್ದ ಮೇಷ್ಟ್ರು. ಶಿಲ್ಪ ಕಲಿಯುವ ಹುಡುಗರ ಜೇಡಿಮಣ್ಣು ಪದೇ ಪದೇ ಒಣಗಿ ಬಿರುಕು ಬಿಡುವುದು ಅವರ ತಲೆನೋವು. ಒಣಗದ ಮಣ್ಣು ಬೇಕು ಎಂದು ಹೊರಟು 1897ರಲ್ಲಿ ಪ್ಲಾಸ್ಟಿಸಿನ್ ಮಾಡಿದರು. ಮೊದಲು ಬರೀ ಬೂದು ಬಣ್ಣ. ಸುಣ್ಣಕಲ್ಲಿನ ಪುಡಿಯಂಥ ಕ್ಯಾಲ್ಸಿಯಂ ಪದಾರ್ಥ, ಪೆಟ್ರೋಲಿಯಂ ಜೆಲ್ಲಿ, ಸ್ಟಿಯರಿಕ್ ಆಮ್ಲ, ಇಷ್ಟೇ ಮುಖ್ಯ. ನೀರಿಲ್ಲ, ಹಾಗಾಗಿ ಒಣಗುವುದಿಲ್ಲ. ಮಕ್ಕಳು ಹಿಸುಕಿ ಆಡುವ ಅಮೆರಿಕದ ಪ್ಲೇ-ಡೋ ಹಿಟ್ಟು, ನೀರು, ಉಪ್ಪಿನದು. ಡಬ್ಬಿ ಮುಚ್ಚದಿದ್ದರೆ ಕಲ್ಲಾಗುತ್ತದೆ ಅಲ್ವಾ, ಅದಕ್ಕೇ.

ಬಾತ್‌ನ ಅಂಗಡಿಯೊಂದರಲ್ಲಿ ಒಂದು ಕಟ್ಟು ಕೊಂಡಿದ್ದೆ. ನಡೆಯುತ್ತಲೇ ಒಂದು ತುಂಡು ಮುರಿದು ಹಿಸುಕಿದೆ. ಮೊದಲು ಬೆರಳಿಗೆ ಬಗ್ಗಲೇ ಇಲ್ಲ. ಅಂಗೈ ಬಿಸಿ ತಾಗಿದಂತೆ ಮೆತ್ತಗಾಯಿತು. ಸುತ್ತಿದ್ದ ಕಾಗದದ ಮೇಲೆ ಎಣ್ಣೆಯ ಕಲೆ ಕೂತಿತ್ತು.

ಮೊದಲು ಕಂಡುಹಿಡಿದವರು ಹಾರ್ಬಟ್ ಅಂತ ಇಂಗ್ಲಿಷರು ಹೆಮ್ಮೆಪಡುತ್ತಾರೆ. ಆದರೆ ಮ್ಯೂನಿಕ್‌ನ ಫ್ರಾನ್ಜ್ ಕೋಲ್ಬ್ 1880ರಲ್ಲೇ ಇಂಥದ್ದೊಂದನ್ನು ಮಾಡಿದ್ದರು. ನನ್ನ ಲೆಕ್ಕದಲ್ಲಿ ಹಾರ್ಬಟ್ಟರ ದೊಡ್ಡ ಕೆಲಸ ಬೇರೆ. ಕಲಾವಿದರ ಸಾಮಾನನ್ನು ಮಕ್ಕಳ ಕೈಗೆ ಕೊಟ್ಟವರು ಅವರು. ಬಣ್ಣ ಸೇರಿಸಿದರು, ಊರೂರು ತಿರುಗಿ ಮಾರಿದರು. 1921ರಲ್ಲಿ ತೀರಿಕೊಂಡಿದ್ದೂ ನ್ಯೂಯಾರ್ಕ್‌ನಲ್ಲಿ.

ಬಾತ್‌ಹ್ಯಾಂಪ್ಟನ್ ಸಣ್ಣ ಊರು. ಕಾಲುವೆಗೆ ಒತ್ತಿಕೊಂಡು ಜಾರ್ಜ್ ಎಂಬ ಹಳೇ ಪಬ್, ಎದುರಿಗೇ ಚರ್ಚು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಮೊದಲ ಗವರ್ನರ್ ಆರ್ಥರ್ ಫಿಲಿಪ್ ಸಮಾಧಿ ಇರುವುದು ಅದರೊಳಗೆ. 1900ರಲ್ಲಿ ಹಾರ್ಬಟ್ ಇಲ್ಲಿನ ಹಳೇ ಹಿಟ್ಟಿನ ಗಿರಣಿ ಹಿಡಿದು ಕಾರ್ಖಾನೆ ಶುರುಮಾಡಿದರು. 1963ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿದರು. 1983ರಲ್ಲಿ ಬಾಗಿಲು ಹಾಕಿ ತಯಾರಿಕೆ ಥಾಯ್ಲೆಂಡಿಗೆ ಹೋಯಿತು. ಈಗ ಅಲ್ಲಿ ಮನೆಗಳಿವೆ. ರಸ್ತೆಯ ಫಲಕದಲ್ಲಿ ‘ಹಾರ್ಬಟ್ಸ್’ ಅಂತಿದೆ, ಅಷ್ಟೇ. ಒಂದು ಸಣ್ಣ ಮ್ಯೂಸಿಯಂ ಮಾಡಬಹುದಿತ್ತು ಅನ್ನಿಸಿತು.

ಮಾಡಿದ್ದರೆ ಅಲ್ಲಿ ಇಡಬೇಕಾದ ಕಥೆ ಎರಡನೇ ಮಹಾಯುದ್ಧದ್ದು. ಜರ್ಮನರ ಒಂದು ಜಾತಿಯ ಬಾಂಬಿನ ಫ್ಯೂಸ್, ಅಂದರೆ ಅದನ್ನು ಸಿಡಿಸುವ ಸಾಧನ, ಬ್ಯಾಟರಿಯಿಂದ ನಡೆಯುತ್ತಿತ್ತು. ಬಿಚ್ಚಲು ಹೋದರೆ ಸಿಡಿಯುವಂತೆ ಮಾಡಿದ್ದರು. ಮೇಜರ್ ಜಾನ್ ಹಡ್ಸನ್ ಎಂಬ ಅಧಿಕಾರಿ ಫ್ಯೂಸಿನ ಸುತ್ತ ಪ್ಲಾಸ್ಟಿಸಿನ್‌ನಿಂದ ಪುಟ್ಟ ಕಟ್ಟೆ ಕಟ್ಟಿ, ಅದರೊಳಗೆ ದ್ರವ ಆಮ್ಲಜನಕ ಸುರಿದರು. ಆ ಚಳಿಗೆ ಬ್ಯಾಟರಿ ಕೆಲಸ ನಿಲ್ಲಿಸಿತು!

ವಾಪಸ್ ಬಂದು ಬ್ರಿಸ್ಟಲ್ ರೈಲು ಹತ್ತಿದೆವು. ಕಾಲು ಗಂಟೆಯ ದಾರಿ. ಮಣ್ಣಿನ ಗೊಂಬೆಗಳ ಸಿನಿಮಾದ ವಾಲೇಸ್ ಮತ್ತು ಅವನ ನಾಯಿ ಗ್ರೋಮಿಟ್‌ರನ್ನು ಮಾಡಿದ ಆರ್ಡ್‌ಮನ್ ಸ್ಟುಡಿಯೊ ಈ ಊರಿನದು. ಅವರ ಗೊಂಬೆಗಳನ್ನು ಪರದೆ ಮೇಲೆ ಹತ್ತಿರದಿಂದ ತೋರಿಸಿದಾಗ ಗಮನಿಸಿ, ಕೆನ್ನೆ ಮೇಲೆ ಒತ್ತಿದ ಬೆರಳಿನ ಗುರುತು ಕಾಣುತ್ತದೆ. ಅವರು ಬಳಸುತ್ತಿದ್ದದ್ದು ಇಂಗ್ಲೆಂಡಿನದೇ ಡೆವನ್‌ನಲ್ಲಿ ತಯಾರಾಗುತ್ತಿದ್ದ ನ್ಯೂಪ್ಲಾಸ್ಟ್ ಎಂಬ, ಪ್ಲಾಸ್ಟಿಸಿನ್‌ನಂಥದೇ ಮಣ್ಣು. 2023ರಲ್ಲಿ ಆ ಕಾರ್ಖಾನೆಯೂ ಮುಚ್ಚಿದ ಸುದ್ದಿ ಬಂತು. ಗ್ರೋಮಿಟ್ ಗತಿ ಏನು ಅಂತ ಜನ ಗಾಬರಿಯಾದರು. ದಾಸ್ತಾನು ಸಾಕಷ್ಟಿದೆ ಎಂದು ಸ್ಟುಡಿಯೊದವರು ಹೇಳಿಕೆ ಕೊಡಬೇಕಾಯಿತು.